ಮುತ್ತಿನಕೊಪ್ಪದ ಮೇಷ್ಟ್ರಿಗೆ ಶಾಲು

ಕೊಪ್ಪ
೧೨ ಜೂನ್ ೨೦೨೫, ಗುರುವಾರ

ಮಹಿಮಾ ಟೀಚರಿಗೆ,

ತಲೆ ತಗ್ಗಿಸಿ ನಮಸ್ಕಾರ. ನಮಸ್ಕರಿಸುವಾಗ ತಲೆ ತಗ್ಗಿಸುವುದು ರೂಢಿ. ಈ ಸಲ ತಗ್ಗಿಸಿದ್ದನ್ನು ಎತ್ತಲಾಗುತ್ತಿಲ್ಲ, ಅಷ್ಟೇ ವ್ಯತ್ಯಾಸ.

ದಿನಾ ಫೋನಿನಲ್ಲಿ ಮಾತಾಡುವ ಮನುಷ್ಯ ಕಾಗದ ಯಾಕೆ ಬರೆದ ಎಂದುಕೊಳ್ಳುತ್ತೀರಿ. ಫೋನಿನಲ್ಲಾದರೆ ಎರಡನೇ ವಾಕ್ಯಕ್ಕೇ ನಾನೊಂದು ಜೋಕು ಹೊಡೆಯುತ್ತೇನೆ, ನೀವು ನಗುತ್ತೀರಿ, ನಾನು ಬಚಾವಾಗುತ್ತೇನೆ. ಕಾಗದಕ್ಕೆ ನಗು ಬರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಭಾನುವಾರ ನೀವು ಮುತ್ತಿನಕೊಪ್ಪಕ್ಕೆ ಹೋಗಬೇಡಿ. ಅಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಭೈರಪ್ಪನವರು ಎಂಬವರಿಲ್ಲ. ಎಲ್ಲಿಯೂ ಇಲ್ಲ. ಮೂರು ವರ್ಷದಿಂದ ನಿಮ್ಮ ಪಾಠದ ವಿಡಿಯೊಗಳ ಕೆಳಗೆ ‘ಮಗಳೇ’ ಎಂದು ಬರೆಯುತ್ತಿದ್ದ ಭೈರಪ್ಪ ನಾನು.

ಶುರುವಾದದ್ದು ಒಳ್ಳೆಯ ಬುದ್ಧಿಯಿಂದಲೇ. ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಊರಿನ ನಿಮ್ಮ ಶಾಲೆಯಲ್ಲಿ ನೀವು ಸೈಕಲ್ ಪಂಪು ಹಿಡಿದು ಗಾಳಿಯ ಒತ್ತಡ ವಿವರಿಸಿದ ಮೊದಲ ವಿಡಿಯೊವನ್ನು ನಮ್ಮ ಶಿಕ್ಷಕರ ಕಲಿಕಾ ಬಳಗದ ಪುಟಕ್ಕೆ ಹಾಕಿದೆವು. ಮೂರು ವಾರದಲ್ಲಿ ನೋಡಿದವರು ಹನ್ನೊಂದು ಜನ, ಅದರಲ್ಲಿ ಒಂಬತ್ತು ನಿಮ್ಮ ಮನೆಯವರು. ‘ಸಾಕು ಸರ್, ನಂಗೆ ನಾಚಿಕೆ ಆಗ್ತದೆ, ತೆಗೆದುಬಿಡಿ’ ಎಂದಿರಿ. ಅವತ್ತು ಸಂಜೆ ಭೈರಪ್ಪ ಹುಟ್ಟಿದ. ಹುಟ್ಟುವಾಗಲೇ ನಿವೃತ್ತ. ‘ಮಗಳೇ, ನಲವತ್ತು ವರ್ಷ ಪಾಠ ಮಾಡಿದೆ. ಗಾಳಿಯನ್ನು ಹೀಗೆ ಕಣ್ಣಿಗೆ ಕಾಣಿಸಲು ನನ್ನಿಂದ ಆಗಲಿಲ್ಲ’ ಎಂದು ಬರೆದ. ಮಾರನೆಯ ದಿನ ನೀವು ಫೋನ್ ಮಾಡಿ ಅದನ್ನು ನನಗೇ ಓದಿ ಹೇಳಿದಿರಿ. ಆಮೇಲೆ ಅರವತ್ತು ವಿಡಿಯೊ ಮಾಡಿದಿರಿ. ಇಂದು ಮೂರು ತಾಲೂಕಿನ ಶಾಲೆಗಳಲ್ಲೂ ಅವು ಓಡುತ್ತಿವೆ. ಅಲ್ಲಿಗೇ ಅವನನ್ನು ಸಾಯಿಸಿದ್ದರೆ ನಾನು ಪುಣ್ಯವಂತ.

ಸಾಯಿಸಲಿಲ್ಲ. ನಾನು ಎದುರಿಗೆ ಕೂತು ಗಂಟೆಗಟ್ಟಲೆ ಹೇಳಿದರೂ ಒಪ್ಪದ ಮಾತನ್ನು ಭೈರಪ್ಪ ಎರಡು ಸಾಲಿನಲ್ಲಿ ಹೇಳಿದರೆ ನೀವು ಒಪ್ಪುತ್ತಿದ್ದಿರಿ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚು ಹುಟ್ಟಿದ್ದು ನಮ್ಮ ಬಳಗದ ಇತಿಹಾಸದಲ್ಲೇ ಮೊದಲು.

ಕಳೆದ ವರ್ಷ ಕಾರ್ಯದರ್ಶಿ ಸ್ಥಾನಕ್ಕೆ ಎಲ್ಲರೂ ನಿಮ್ಮ ಹೆಸರು ಹೇಳಿದರು. ನೀವೂ ಒಪ್ಪಿದ್ದಿರಿ. ಸಭೆಯ ಹಿಂದಿನ ದಿನ ಭೈರಪ್ಪ ನಿಮಗೆ ಖಾಸಗಿಯಾಗಿ ಬರೆದ: ‘ಮಗಳೇ, ನಿನ್ನ ಜಾಗ ಮಕ್ಕಳ ಮುಂದೆ, ಕುರ್ಚಿಯ ಮೇಲಲ್ಲ.’ ನೀವು ಹಿಂದೆ ಸರಿದಿರಿ. ಕುರ್ಚಿ ನನಗೆ ಸಿಕ್ಕಿತು. ಅಂದಿನಿಂದ ಕಾರ್ಯವೆಲ್ಲ ನಿಮ್ಮದು, ದರ್ಶನ ಮಾತ್ರ ನನ್ನದು. ಇದನ್ನು ಎಷ್ಟೋ ಸಭೆಯಲ್ಲಿ ಜೋಕಾಗಿ ಹೇಳಿದ್ದೇನೆ. ಜೋಕಾಗಿರಲಿಲ್ಲ.

ಮಕ್ಕಳ ಪಾಠದ ನಡುವೆ ರಮ್ಮಿಯಾಟದ ಜಾಹೀರಾತು ಬರತೊಡಗಿದ ಮೇಲೆ ಆ ದೊಡ್ಡ ಕಂಪನಿಯ ಪುಟ ಬಿಡುವುದೆಂದು ಕಳೆದ ಭಾನುವಾರ ತೀರ್ಮಾನಿಸಿದೆವಲ್ಲ. ಹೊಸ ಜಾಲತಾಣಕ್ಕೆ ಒಬ್ಬ ಯಜಮಾನನಿಲ್ಲ, ಊರೂರಿನ ಸಂಸ್ಥೆಗಳು ತಮ್ಮದೇ ಮನೆ ಕಟ್ಟಿಕೊಂಡು ಮನೆಯಿಂದ ಮನೆಗೆ ಮಾತಾಡುತ್ತವೆ, ಬಾಗಿಲು ಯಾರಿಗೆ ತೆಗೆಯಬೇಕೆಂಬುದು ನಮಗೇ ಬಿಟ್ಟದ್ದು, ಇದಕ್ಕೆ ವಿಕೇಂದ್ರೀಕರಣ ಅಂತಾರೆ ಎಂದು ನಮ್ಮ ಕಂಪ್ಯೂಟರ್ ಟೀಚರ್ ಅರ್ಪಿತಾ ವಿವರಿಸಿದಳು. ‘ನನ್ನ ಹೊಟ್ಟೆ ಆಗಲೇ ವಿಕೇಂದ್ರೀಕರಣ ಆಗಿದೆ ಮಾರಾಯ್ತಿ’ ಎಂದು ನಗಿಸಿದೆ. ನಗು ಸಾಲದೆ ಚಪ್ಪಾಳೆಯೂ ಬೇಕೆನಿಸಿತು. ಒಂದು ನಿಯಮ ಮಂಡಿಸಿದೆ: ಬಳಗದವರೊಬ್ಬರು ಮುಖ ಕಂಡು ‘ಇವರನ್ನು ನಾನು ಬಲ್ಲೆ’ ಎಂದು ಸಾಕ್ಷಿ ಹೇಳಿದವರಿಗೆ ಮಾತ್ರ ಹೊಸ ಮನೆಗೆ ಪ್ರವೇಶ. ಎಲ್ಲರೂ ಕೈ ಎತ್ತಿದರು.

ಎತ್ತಿದ ಕೈ ಇಳಿಯುವ ಮೊದಲೇ ನೀವು ಎದ್ದಿರಿ. ‘ಭೈರಪ್ಪ ಮೇಷ್ಟ್ರಿಗೆ ನಾನೇ ಸಾಕ್ಷಿ ಸರ್. ಮುಂದಿನ ಭಾನುವಾರ ಹೋಗಿ ಒಂದು ಶಾಲು ಹೊದಿಸಿ, ಅವ್ರ ಫೋನಲ್ಲಿ ನಾನೇ ಖಾತೆ ಮಾಡಿಕೊಟ್ಟು ಬರ್ತೀನಿ’ ಎಂದಿರಿ. ಮನೆ ಗೊತ್ತುಂಟಾ ಎಂದು ಅರ್ಪಿತಾ ಕೇಳಿದ್ದಕ್ಕೆ, ‘ಬಸ್‌ಸ್ಟ್ಯಾಂಡಲ್ಲಿ ಕೇಳಿದ್ರೆ ಸಣ್ಣ ಮಕ್ಕಳೂ ತೋರಿಸ್ತಾರೆ ಬಿಡು, ಅಂಥವ್ರು ಅವ್ರು’ ಎಂದಿರಿ.

ನೀವು ಶಾಲಿನ ಚೀಲ ಹಿಡಿದು ಮನೆ ಮನೆ ವಿಚಾರಿಸುವುದು, ಜನ ಮುಖ ಮುಖ ನೋಡಿಕೊಳ್ಳುವುದು, ಇಲ್ಲದ ಮನುಷ್ಯನನ್ನು ಹುಡುಕಿಕೊಂಡು ಬಂದ ಟೀಚರ್ ಎಂದು ಕೊನೆಗೆ ನಗುವುದು, ಎಲ್ಲ ಕಣ್ಣಿಗೆ ಕಟ್ಟಿತು. ಆ ನಗೆ ನನಗೆ ಸಲ್ಲಬೇಕಾದದ್ದು. ಮನಸ್ಸು ತಡೆಯದೆ ಬರೆಯುತ್ತಿದ್ದೇನೆ.

ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಬರೆದು ಇಂದು ಬೆಳಿಗ್ಗೆ ಅರ್ಪಿತಾಗೆ ಕೊಟ್ಟಿದ್ದೇನೆ. ಕಾರಣದ ಜಾಗದಲ್ಲಿ ‘ಆರೋಗ್ಯ’ ಎಂದು ಬರೆದಿದ್ದೆ. ಹೊಡೆದು ಹಾಕಿ ನಡೆದದ್ದನ್ನೇ ಬರೆದೆ. ಅವಳು ಓದಿ ಮಡಚಿಟ್ಟಳು. ಯಾವಾಗಲೂ ಕೊಡುತ್ತಿದ್ದ ಚಹಾ ಇವತ್ತು ಕೊಡಲಿಲ್ಲ.

ಒಂದು ಮಾತು ನಂಬಿ. ನಂಬಿ ಎನ್ನಲು ನನಗೆ ಬಾಯಿಲ್ಲ, ಆದರೂ. ನಿಮ್ಮ ಪಾಠದ ಬಗ್ಗೆ ಭೈರಪ್ಪ ಬರೆದದ್ದೆಲ್ಲ ನನ್ನ ಅಭಿಪ್ರಾಯವೇ. ನನ್ನ ಹೆಸರಿನಲ್ಲಿ ಬರೆಯುವಷ್ಟು ದೊಡ್ಡ ಮನಸ್ಸು ಇರಲಿಲ್ಲ. ಕುರ್ಚಿಯ ಬಗ್ಗೆ ಬರೆದದ್ದೊಂದು ಸುಳ್ಳು.

ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಇದನ್ನು ನಿಮ್ಮ ಶಾಲೆಗೆ ಕಳಿಸುತ್ತೇನೆ. ಉತ್ತರ ಬೇಡ.

ಹೊಸ ಮನೆಗೆ ಸಾಕ್ಷಿ ಸಿಗದ,
ತ್ರ್ಯಂಬಕ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಡಿಸಿದೆ. ನಿನ್ನೆ ನಾನು ಮುತ್ತಿನಕೊಪ್ಪಕ್ಕೆ ಹೋಗಿದ್ದೆ. ಅಲ್ಲಿ ನನ್ನ ಪರಿಚಯದ ಮಂಜಪ್ಪ ಎಂಬ ಹಿರಿಯರಿದ್ದಾರೆ, ಬಿಳಿ ಮೀಸೆ, ನೋಡಿದರೆ ಹೆಡ್‌ಮಾಸ್ಟರೇ. ಭಾನುವಾರ ಒಂದರ್ಧ ಗಂಟೆ ಭೈರಪ್ಪ ಆಗಿ ಕೂತು ಶಾಲು ಹೊದಿಸಿಕೊಳ್ಳಿ ಎಂದು ಕೇಳಿಕೊಂಡೆ. ಅವರು ಎಲೆಗೆ ಸುಣ್ಣ ಸವರುತ್ತ ಹೇಳಿದರು: ‘ಶಾಲು ಹೊದಿಸ್ಕೊಳ್ಳೋಕೆ ನಂಗೆಂತ ತೊಂದ್ರೆ ಇಲ್ಲ ಮಾರಾಯ. ಆ ಟೀಚರಮ್ಮ ಕಾಲಿಗೆ ಬಿದ್ರೆ ಯಾರ ಬಾಯಲ್ಲಿ ಆಶೀರ್ವಾದ ಮಾಡ್ಲಿ, ಅದೊಂದು ಹೇಳು.’ ಅವರು ಒಪ್ಪಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.