ಶೇಂಗಾ ತಿಂದು ಹಗುರಾದೆ

ಗದಗ, ಫೆಬ್ರವರಿ ಮೂವತ್ತು, 2211

ಇನ್ನೂರು ವರ್ಷ ಹಿಂದಿರುವ ನನ್ನ ಹಿರಿಯರಿಗೆ ನೀಲಾಂಬಿಕೆ ಹೊಸಮನಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅಕ್ಷರಗಳು ಸೊಟ್ಟಗಿದ್ದರೆ ಅದಕ್ಕೂ ಕ್ಷಮೆಯಿರಲಿ, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಾನು ಹಾರಿದೆ! ಮಧ್ಯಾಹ್ನದ ಗಾಳಿಗೆ ಮರಳಿ ಬಂದು ಊರಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಇನ್ನು ಉಳಿದವರು ನೀವೇ.

ನಮ್ಮಲ್ಲಿ ತೇಲುಬಂಡಿ ಎಂಬುದಿದೆ. ಅದಕ್ಕೆ ಎಂಜಿನ್ ಇಲ್ಲ. ಬಟ್ಟೆಯ ಎರಡು ರೆಕ್ಕೆ, ನಡುವೆ ಒಬ್ಬರು ಕೂರುವಷ್ಟು ಜಾಗ, ಬೆನ್ನ ಹಿಂದೆ ಔಷಧಿಯ ಪೆಟ್ಟಿಗೆ. ಕಪ್ಪತಗುಡ್ಡದ ಗಾಳಿ ಹಿಡಿದು ಅದು ಗುಡ್ಡದಾಚೆಯ ಹಿರೇಕಣವಿಗೆ ಹೋಗುತ್ತದೆ. ರಸ್ತೆ ಕುಸಿದ ಮೇಲೆ ಆ ಊರಿಗೆ ಔಷಧಿ ತಲುಪಲು ಬೇರೆ ದಾರಿಯಿಲ್ಲ. ಇಷ್ಟು ವರ್ಷ ಬಂಡಿ ಹಾರಿಸಿದವಳು ನನ್ನ ಅವ್ವನ ತಂಗಿ, ಫಕೀರವ್ವ ಚಿಗವ್ವ. ಈಗ ಆಕೆಯ ಕಣ್ಣು ಮಂಜಾಗಿದೆ. ಯುಗಾದಿಯೊಳಗೆ ಇನ್ನೊಬ್ಬರು ಸಿಗದಿದ್ದರೆ ಹಾರಾಟವನ್ನೇ ನಿಲ್ಲಿಸುವುದಾಗಿ ಮೇಲಿನವರು ಹೇಳಿದ್ದರು. ಹಾರಾಟದ ಪಾಠ, ಪರೀಕ್ಷೆಗಳನ್ನೆಲ್ಲ ನಾನು ನೆಲದ ಮೇಲೆಯೇ ಮುಗಿಸಿದ್ದೆ. ಬಾಕಿ ಇದ್ದದ್ದು ತೂಕಗಲ್ಲು ಮಾತ್ರ. ಅದು ಬಂಡಿ ಹಾರುವ ಬಯಲಿನ ಬಾಗಿಲಲ್ಲಿರುವ ಹಾಸುಗಲ್ಲು. ಮೇಲೆ ನಿಂತವರನ್ನು ಬಂಡಿ ಹೊರಬಲ್ಲದಾದರೆ ಒಳಗಿನ ದೀಪ ಹಸಿರಾಗುತ್ತದೆ. ನಾನು ನಿಂತಾಗಲೆಲ್ಲ ಕೆಂಪು.

ತೂಕ ಇಳಿಸಲು ಹೊರಟವಳು ಮೊದಲು ಬಿಟ್ಟದ್ದು ಶೇಂಗಾ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದೆ ರೊಟ್ಟಿ ಗಂಟಲಿಳಿಯದ ಮನೆ ನಮ್ಮದು. ಆದರೂ ಎಣ್ಣೆಕಾಳು, ತಿಂದರೆ ಬರೀ ಕೊಬ್ಬು ಎಂದುಕೊಂಡು ಡಬ್ಬಿಯನ್ನೇ ಪಕ್ಕದ ಮನೆಗೆ ಕೊಟ್ಟುಬಂದೆ. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಸೌತೆಕಾಯಿ. ಸಂಜೆಯಾಗುವಷ್ಟರಲ್ಲಿ ಹೊಟ್ಟೆಯಲ್ಲಿ ಬೆಂಕಿ. ರೊಟ್ಟಿ, ಬೆಲ್ಲ, ಮಗಳ ತಟ್ಟೆಯಲ್ಲಿ ಉಳಿದ ಮಿರ್ಚಿ ಭಜಿ, ಎಲ್ಲ ನನ್ನ ಬಾಯಿಗೆ. ಗಂಡ ಶೇಖರಯ್ಯ ಮೆಲ್ಲಗೆ "ಇಷ್ಟ ಸಾಕಲ್ಲಾ?" ಎಂದದ್ದಕ್ಕೆ ತಟ್ಟೆ ಕುಕ್ಕಿ ಎದ್ದುಹೋದೆ. ಮರುದಿನ ಮತ್ತೆ ಉಪವಾಸ.

ಒಂದು ಮಧ್ಯಾಹ್ನ ರೆಕ್ಕೆಯ ಬಟ್ಟೆ ಬಿಗಿಯುತ್ತಿದ್ದಾಗ ತಲೆ ತಿರುಗಿ ಬಿದ್ದೆ. ಕಣ್ಣು ಬಿಟ್ಟಾಗ ತಲೆ ಚಿಗವ್ವನ ತೊಡೆಯ ಮೇಲಿತ್ತು.

"ಏನ್ ತಿಂದಿ ಇವತ್ತ?"

"ಸೌತಿಕಾಯಿ."

"ಮ್ಯಾಲ ಹೋದಾಗ ಹಿಂಗ ಬಿದ್ದಿದ್ರ? ಹಗುರ ಆಗಬೇಕೋ, ಹೆಣ ಆಗಬೇಕೋ ನೀನು?"

ಸೊಂಟದ ಚೀಲದಿಂದ ಹುರಿದ ಶೇಂಗಾ ತೆಗೆದು ನನ್ನ ಅಂಗೈಗೆ ಸುರಿದಳು. ನಾನು ಕೈ ಹಿಂದಕ್ಕೆಳೆದೆ.

"ಬ್ಯಾಡ ಚಿಗವ್ವ, ಇದರ ತುಂಬ ಎಣ್ಣಿ ಐತಿ."

"ಐತಿ. ಅದಕ್ಕ ಒಂದ ಹಿಡಿ ಕೊಟ್ಟೇನಿ, ಒಂದ ಚೀಲ ಅಲ್ಲ. ನಮ್ಮ ಡಾಕ್ಟರ್‌ಬಾಯಿ ನನಗ ಹೇಳಿದ್ದನ್ನ ಹೇಳಾಕತ್ತೀನಿ, ಕೇಳು. ಸಾವಕಾಶ ಅಗಿ. ಇದು ಹೊಟ್ಯಾಗ ಬಾಳ ಹೊತ್ತು ನಿಲ್ಲತೈತಿ. ಮಿರ್ಚಿ ಬದಲಿ ಇದನ್ನ ತಿನ್ನು, ಮಿರ್ಚಿ ಸಂಗಾಟ ಅಲ್ಲ. ತಿಳೀತ?"

ಅಳುತ್ತಲೇ ಅಗಿದೆ. ಎಷ್ಟೋ ದಿನಗಳ ಮೇಲೆ ನಾಲಿಗೆಗೆ ಸಿಕ್ಕ ಆ ರುಚಿ! ಆ ಸಂಜೆ ನಾನು ಅಡಿಗೆಮನೆಯಲ್ಲಿ ಹುಡುಕಾಡಲಿಲ್ಲ. ಎಲ್ಲರ ಜೊತೆ ಕೂತು ರೊಟ್ಟಿ, ಪಲ್ಲೆ ತಿಂದು, ಶೇಖರಯ್ಯನ ಜೊತೆ ನಕ್ಕು ಮಾತಾಡಿ ಎದ್ದೆ. ಇನ್ನೇನು ಗೆದ್ದೆ ಎಂದುಕೊಂಡವಳು ವಾರದೊಳಗೆ ಎಡವಿದೆ. ಮಾತಾಡುತ್ತ ಮಾತಾಡುತ್ತ ಹೊಸದಾಗಿ ತುಂಬಿಟ್ಟ ಶೇಂಗಾ ಡಬ್ಬಿಯನ್ನೇ ಖಾಲಿ ಮಾಡಿದ್ದೆ. ಚಿಗವ್ವ ಬಿದ್ದು ಬಿದ್ದು ನಕ್ಕಳು. "ಹಿಡಿ ಅಂದ್ರ ನಿನ್ನ ಕೈ ಹಿಡಿ, ಆನಿ ಸೊಂಡಿಲು ಅಲ್ಲ!" ಅಂದಿನಿಂದ ಒಂದು ಹಿಡಿ ಬಟ್ಟಲಿಗೆ ಹಾಕಿಕೊಂಡು, ಡಬ್ಬಿ ಮುಚ್ಚಿ ಮೇಲಿಟ್ಟು ಕೂರುತ್ತಿದ್ದೆ. ದಿನಾ ಬೆಳಿಗ್ಗೆ ಗುಡ್ಡದ ಬುಡದವರೆಗೆ ನಡಿಗೆ. ತೂಕ ಇಳಿಯಿತು, ಆದರೆ ಬಹಳ ನಿಧಾನವಾಗಿ. ಯುಗಾದಿಗೆ ಉಳಿದ ದಿನಗಳನ್ನು ಎಣಿಸುತ್ತಿದ್ದೆ.

ಇವತ್ತು ಚಿಗವ್ವ ನನ್ನ ಕೈ ಹಿಡಿದುಕೊಂಡೇ ಬಯಲಿಗೆ ಬಂದಳು. ಕಲ್ಲಿನ ಮೇಲೆ ನಿಂತು ಕಣ್ಣು ಮುಚ್ಚಿದೆ. ಆಕೆಗೂ ದೀಪ ಸರಿಯಾಗಿ ಕಾಣದು. ಕಾವಲಿನವರು "ಹಸರ! ಹಸರ!" ಎಂದು ಕೂಗಿದಾಗ ಇಬ್ಬರೂ ತಬ್ಬಿಕೊಂಡು ಕುಣಿದೆವು.

ಆಮೇಲೆ ಏನಾಯಿತೆಂದು ಹೇಗೆ ಹೇಳಲಿ? ಬಂಡಿ ಏರಿದೆ, ನೆಲ ಕಾಲಡಿಯಿಂದ ಜಾರಿತು. ಕಪ್ಪತಗುಡ್ಡ ನನ್ನ ಕೆಳಗೆ! ಕಂಡದ್ದನ್ನೆಲ್ಲ ಚಿಗವ್ವನಿಗೆ ಕೂಗಿ ಹೇಳುತ್ತಿದ್ದೆ. ಕಿವಿಮಣಿಯಲ್ಲಿ, ಅಂದರೆ ಕಿವಿಯೊಳಗೆ ಮಾತು ತರುವ ಪುಟ್ಟ ಮಣಿಯಲ್ಲಿ, ಚಿಗವ್ವನ ದನಿ: "ಎಡಕ್ಕ ಹೊರಳು, ಅಲ್ಲಿ ಗಾಳಿ ಏರತೈತಿ." ಹೊರಳಿದೆ, ಗಾಳಿ ಎತ್ತಿಕೊಂಡಿತು. ಖುಷಿಗೆ ಕಿರುಚಿದೆ. ಹಿರೇಕಣವಿಯ ಹೊಲದಲ್ಲಿ ಇಳಿದಾಗ, ಉಬ್ಬಸದ ಮಗುವನ್ನು ಎತ್ತಿಕೊಂಡು ತಾಯಿಯೊಬ್ಬಳು ಓಡಿಬಂದಳು. ಔಷಧಿ ಎದೆಗವಚಿಕೊಂಡು ಕೇಳಿದಳು, "ಇನ್ನ ಮ್ಯಾಲ ನೀವ ಬರತೀರೇನ್ರಿ?"

"ನಾನ ಬರತೀನ್ರಿ," ಎಂದೆ. ಕಿವಿಯೊಳಗೆ ಚಿಗವ್ವ ಬಿಕ್ಕಿದ್ದು ಕೇಳಿಸಿತು.

ಹಿರಿಯರೇ, ನಿಮ್ಮಲ್ಲೂ ತೂಕ ಇಳಿಸಲು ಹೆಣಗುವವರು ಇದ್ದೇ ಇರುತ್ತಾರೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ: ಹಸಿವನ್ನು ಶತ್ರು ಮಾಡಿಕೊಳ್ಳಬೇಡಿ. ಅದಕ್ಕೆ ಹೊತ್ತಿಗೆ ಸರಿಯಾಗಿ ಏನಾದರೂ ಕೊಡಿ, ಅಳತೆಯಲ್ಲಿ ಕೊಡಿ, ನಾಚದೆ ಅಗಿದು ತಿನ್ನಿ. ನಾಳೆ ಬೆಳಿಗ್ಗೆ ಮತ್ತೆ ಹಾರಬೇಕು. ಚಿಗವ್ವ ಹೊರಗೆ ಗಾಳಿಗೆ ಮುಖವೊಡ್ಡಿ ನಿಂತು ನನ್ನನ್ನು ಕರೆಯುತ್ತಿದ್ದಾಳೆ. ಹೋಗಿ ಬರುತ್ತೇನೆ, ನೀವೂ ಹಗುರವಾಗಿರಿ.