ಗಂಡಸರ ಕಡೆ ಒಂದು ಬುಟ್ಟಿ

ಸಮುದಾಯ ಭವನಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನಗೆ ಮದುವೆಯಾಯಿತು! ಇವತ್ತಿಗೆ ಹತ್ತೊಂಬತ್ತು ದಿನ. ಗಂಡ ಗೌತಮ ಎಷ್ಟು ಒಳ್ಳೆಯವನೆಂದರೆ, ಸೋಲಾಪುರದ ಈ ಪುಟ್ಟ ಮನೆಯಲ್ಲಿ ನಾನು ಸುಟ್ಟ ರೊಟ್ಟಿಯನ್ನೂ ಹೊಗಳಿ ತಿನ್ನುತ್ತಾನೆ. ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆಂದರೆ, ಆ ಮದುವೆ ನಡೆದದ್ದು ರಾಯಚೂರಿನ ನಿಮ್ಮ ಭವನದಲ್ಲಿ. ಮತ್ತು ಮದುವೆಯ ಆಲ್ಬಮ್ಮಿನ ಅಷ್ಟೂ ಫೋಟೊಗಳಲ್ಲಿ ಒಂದರಲ್ಲೂ ನನ್ನ ಅಪ್ಪ ಇಲ್ಲ. ಯಾಕೆಂದರೆ ನಿಮ್ಮ ಭವನದ ಗಂಡಸರ ಶೌಚಾಲಯದಲ್ಲಿ ಒಂದು ಕಸದ ಬುಟ್ಟಿ ಇಲ್ಲ, ಬಾಗಿಲಿಗೆ ಚಿಲಕವಿಲ್ಲ. ಬುಟ್ಟಿಗೂ ಅಪ್ಪನಿಗೂ ಏನು ಸಂಬಂಧ ಎಂದು ನಗುತ್ತಿದ್ದೀರಾ? ನಗಿ. ನಗುವಾಗ ನಿಮ್ಮ ಬಟ್ಟೆ ಒದ್ದೆಯಾಗುವುದಿಲ್ಲವಲ್ಲ, ಅದು ನಿಮ್ಮ ಪುಣ್ಯ.

ಅಪ್ಪನ ಹೆಸರು ಅಯ್ಯಣ್ಣ. ದೇವದುರ್ಗದಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದ. ಅಜ್ಜ ಅಜ್ಜಿ ಮಲ್ಲಟದ ಹೊಲಗಳಲ್ಲಿ ಕೂಲಿ ಮಾಡಿದವರು. ನಮ್ಮ ಮನೆತನದಲ್ಲಿ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಬೀದಿಯಲ್ಲಿ ನಡೆದ ಮೊದಲ ಮನುಷ್ಯ ಅಪ್ಪ. ಬಿಳಿ ಶರ್ಟು, ಕೊರಳಲ್ಲಿ ಸೀಟಿ, ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಬೂಟು. ನನ್ನನ್ನು ರಾಯಚೂರಿನ ಇಂಗ್ಲಿಷ್ ಮೀಡಿಯಂ ಶಾಲೆಯ ಹಾಸ್ಟೆಲಿಗೆ ಬಿಡಲು ಬರುತ್ತಿದ್ದಾಗ ಗೆಳತಿಯರು ಅವನನ್ನು ಮಿಲಿಟರಿಯವನೆಂದುಕೊಂಡಿದ್ದರು. ನಾನೂ ಇಲ್ಲವೆನ್ನಲಿಲ್ಲ!

ಎಂಟು ತಿಂಗಳ ಹಿಂದೆ ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಯಿತು. ಕ್ಯಾನ್ಸರ್ ಹೋಯಿತು. ಜತೆಗೆ ಮೂತ್ರದ ಮೇಲಿನ ಹಿಡಿತವೂ ಹೋಯಿತು. ಕೆಮ್ಮಿದರೆ, ನಕ್ಕರೆ, ಕುರ್ಚಿಯಿಂದ ಏಳುವಾಗ, ತಿಳಿಯದೆ ಸೋರುತ್ತದೆ. ನಿಧಾನವಾಗಿ ಕಡಿಮೆಯಾಗಬಹುದು, ವ್ಯಾಯಾಮ ಮಾಡಿ, ಅಲ್ಲಿಯವರೆಗೆ ಪ್ಯಾಡ್ ಕಟ್ಟಿಕೊಳ್ಳಿ ಎಂದರು ಡಾಕ್ಟರು. ಅಪ್ಪ ಪಡಸಾಲೆಯಲ್ಲಿ ಕೂತು, ಸ್ನಾಯು ಬಿಗಿಹಿಡಿದು, ಒಂದರಿಂದ ಹತ್ತು ಎಣಿಸುತ್ತಾನೆ. "ಜೀವಮಾನ ಪೂರ್ತಿ ಹುಡುಗರಿಗೆ ಡ್ರಿಲ್ ಮಾಡಿಸೀನಿ. ಈಗ ಯಾರಿಗೂ ಕಾಣಲಾರದ ಡ್ರಿಲ್ ನಂದು" ಎಂದು ಅವ್ವನ ಮುಂದೆ ನಗುತ್ತಾನಂತೆ. ನನ್ನ ಮುಂದೆ ಒಂದು ಮಾತೂ ಆಡಿರಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು ಎಂದಷ್ಟೇ ನನಗೆ ಗೊತ್ತಿತ್ತು. ಮದುವೆಯ ಸಡಗರದಲ್ಲಿ ನಾನೂ ಕೇಳಲಿಲ್ಲ.

ನಮ್ಮದು ಬೌದ್ಧ ಪದ್ಧತಿಯ ಮದುವೆ. ಬಿಳಿ ಸೀರೆ, ಬಿಳಿ ಜುಬ್ಬ, ವೇದಿಕೆಯ ಮೇಲೆ ಬಿಳಿ ಹಾಸು. ತಾಯಿ ತಂದೆ ಬಿಳಿ ಉಟ್ಟು ಅದರ ಮೇಲೆ ಕೂರಬೇಕು. ಬಿಳಿ ಬಟ್ಟೆ ನಮ್ಮಪ್ಪನಿಗಿಂತ ಯಾರಿಗೆ ಒಪ್ಪುತ್ತದೆ ಹೇಳಿ! ಆದರೆ ಅಪ್ಪ ಕಪ್ಪು ಪ್ಯಾಂಟಿನಲ್ಲಿ ಬಂದ. ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗು, ಯಾರಿಗೂ ಕೊಡಲೊಲ್ಲ. ಹೆಣ್ಣಿನ ತಂದೆಯ ಕೈಯಲ್ಲಿ ಬಿಡದ ಬ್ಯಾಗು ಕಂಡರೆ ಗಂಡಿನ ಕಡೆಯವರು ಸುಮ್ಮನಿರುತ್ತಾರೆಯೇ? ಗೌತಮನ ಸೋದರಮಾವ, ಪೋತ್ನಾಳದ ಅನಿಲಕುಮಾರ ಅವರು ಶುರು ಮಾಡಿದರು.

"ಬೀಗರ, ಬಂಗಾರ ಎಲ್ಲಾ ಅದರಾಗ ಇಟ್ಟೀರಿ ಏನ್ರಿ? ಒಂದೀಟು ತೋರಸ್ರಿ ನಮಗೂ!"

"ಏನಿಲ್ರಿ ಮಾವಾರ, ಬಿಡ್ರಿ, ಅರಿವಿ ಅದಾವ."

"ಅರಿವಿಗಿ ಇಷ್ಟ್ ಕಾವಲೇನ್ರಿ? ಪೀಟಿ ಮಾಸ್ತರು ಬಾಳ ಪಕ್ಕಾ ಅದಾರಪ್ಪಾ!"

ಎಲ್ಲರೂ ನಕ್ಕರು. ಅಪ್ಪನೂ ನಗಬೇಕಾಯಿತು. ಅವರು ಬ್ಯಾಗಿನ ಹಿಡಿಕೆ ಎಳೆದರು, ಅಪ್ಪ ಎದೆಗೆ ಒತ್ತಿ ಹಿಡಿದ. ಆಮೇಲೆ ಅಪ್ಪ ಸರಸರ ಹೊರಗೆ ನಡೆದ. ಮರಳಿ ವೇದಿಕೆಗೆ ಬರಲಿಲ್ಲ. ನಾವು ಪಂಚಶೀಲ ಹೇಳುವಾಗ ಅವನು ಗೇಟಿನ ಬೇವಿನ ಮರದ ಹತ್ತಿರ ನಿಂತಿದ್ದ. ಫೋಟೊಗೆ ಕರೆದರೆ ದೂರದಿಂದಲೇ ಕೈ ಎತ್ತಿ, "ನೀವ್ ತಗಸ್ಕೊಳ್ರಿ" ಎಂದ.

ಗೌತಮನನ್ನು ಆರಿಸಿಕೊಂಡವಳು ನಾನೇ. ಅಪ್ಪನಿಗೆ ಅದು ಒಳಗೊಳಗೇ ಒಪ್ಪಿಗೆಯಿಲ್ಲ, ಅದನ್ನು ಇಂಥ ದಿನವೇ ನಾಲ್ಕು ಜನರ ಮುಂದೆ ತೋರಿಸಿಬಿಟ್ಟ ಎಂದುಕೊಂಡೆ. ಹೊರಡುವಾಗ ಅವನ ಕಾಲು ಮುಟ್ಟಲಿಲ್ಲ. ಆರು ದಿನ ಫೋನೂ ಮಾಡಲಿಲ್ಲ. ಏಳನೆಯ ದಿನ ಅವ್ವ ತಾನೇ ಮಾಡಿದಳು. "ನಿಮ್ಮಪ್ಪ ಸಿಟ್ಟಾಗಿದ್ದಿಲ್ಲವ್ವಾ, ಒದ್ದಿ ಆಗಿದ್ರು" ಎಂದಳು.

ಆ ಎಳೆದಾಟದಲ್ಲಿ, ಆ ನಗುವಿನಲ್ಲಿ, ಪ್ಯಾಡ್ ತುಂಬಿಹೋಗಿತ್ತು. ನಿಮ್ಮ ಶೌಚಾಲಯದಲ್ಲಿ ಅಪ್ಪ ಒಂದು ಕೈಯಿಂದ ಚಿಲಕವಿಲ್ಲದ ಬಾಗಿಲು ಒತ್ತಿಹಿಡಿದು, ಇನ್ನೊಂದು ಕೈಯಿಂದ ಪ್ಯಾಡ್ ಬದಲಿಸಿದ. ಹೊರಗೆ ಮಂದಿ ಬಾಗಿಲು ಬಡಿಯುತ್ತಿದ್ದರು. ಬಿಚ್ಚಿದ್ದನ್ನು ಹಾಕಲು ಬುಟ್ಟಿಯಿಲ್ಲ. ಪೇಪರಿನಲ್ಲಿ ಸುತ್ತಿ, ಎಲ್ಲರೂ ಬಂಗಾರವಿದೆ ಎಂದುಕೊಂಡ ಅದೇ ಬ್ಯಾಗಿನಲ್ಲಿ ಇಟ್ಟುಕೊಂಡ. ನಾರೀತೆಂದು ದೂರ ನಿಂತ. ಮಗಳ ಮದುವೆಯನ್ನು ಗೇಟಿನಿಂದ ನೋಡಿದ.

ಮಾನ್ಯರೇ, ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದ್ದೆ. "ಗಂಡಸ್ರ ಕಡಿ ಬುಟ್ಟಿ ಯಾಕ್ರಿ ಮೇಡಮ್? ಅದಕ್ಕ ಪ್ರಾವಿಜನ್ ಇಲ್ರಿ" ಎಂದಿತು ಒಂದು ದನಿ. ಹೆಂಗಸರ ಕಡೆ ಒಂದು ಬುಟ್ಟಿ ಇದೆ, ಮುಚ್ಚಳ ಮುರಿದದ್ದು. ಆ ಮಟ್ಟಿಗೆ ನಾವು ಭಾಗ್ಯವಂತರು. ಹಾಗಾದರೆ ನಿಮ್ಮ ಇಲಾಖೆಯ ಪ್ರಕಾರ ಗಂಡಸರಿಗೆ ವಯಸ್ಸಾಗುವುದಿಲ್ಲವೇ? ಆಪರೇಷನ್ ಆಗುವುದಿಲ್ಲವೇ? ವೇದಿಕೆಗೆ ಗ್ರಾನೈಟ್ ಹಾಕಿಸಿದ್ದೀರಿ, ಉದ್ಘಾಟನೆಯ ಕಲ್ಲಿನಲ್ಲಿ ಎಲ್ಲರ ಹೆಸರು ಕೆತ್ತಿಸಿದ್ದೀರಿ, ಒಂದು ಬೆರಳುದ್ದದ ಚಿಲಕಕ್ಕೆ ಮಾತ್ರ ಜಾಗ ಸಿಗಲಿಲ್ಲವೇ?

ಇದನ್ನು ಬರೆಯುವ ಮೊದಲು ಅಪ್ಪನನ್ನು ಕೇಳಿದೆ. ಫೋನಿನಲ್ಲಿ ಹೇಳಿದ: "ಬರಿಯವ್ವಾ. ಹೆಸರು ಹಾಕೇ ಬರಿ. ನನ್ನಂಗ ಎಷ್ಟ್ ಮಂದಿ ಮನಿ ಬಿಟ್ಟು ಹೊರಗ ಬರಲಾರದ ಕುಂತಾರೋ." ಕಾಲು ಮುಟ್ಟದೆ ಬಂದದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ. ಅಳು ಬಂದು ಫೋನ್ ಇಟ್ಟುಬಿಟ್ಟೆ.

ಬರುವ ಭಾನುವಾರ ಅಪ್ಪನ ಹಳೆಯ ವಿದ್ಯಾರ್ಥಿಗಳು ಅದೇ ನಿಮ್ಮ ಭವನದಲ್ಲಿ ಗುರುವಂದನೆ ಇಟ್ಟುಕೊಂಡಿದ್ದಾರೆ. ಬಿಳಿ ಡ್ರೆಸ್ಸಿನಲ್ಲೇ, ಸೀಟಿ ಹಾಕಿಕೊಂಡೇ ಬರ್ರಿ ಸರ್ ಎಂದು ಮನೆಗೆ ಬಂದು ಕೇಳಿದರಂತೆ. "ಮೈಯಾಗ ಆರಾಮಿಲ್ರೋ" ಎಂದು ಕಳಿಸಿಬಿಟ್ಟ. ಮತ್ತೊಮ್ಮೆ ಗೇಟಿನ ಹತ್ತಿರ ನಿಲ್ಲುವುದಕ್ಕಿಂತ ಬರದಿರುವುದೇ ವಾಸಿ ಎಂಬುದು ಅವನ ಲೆಕ್ಕ. ಆದ್ದರಿಂದ ಭಾನುವಾರದೊಳಗೆ ಗಂಡಸರ ಕಡೆ ಮುಚ್ಚಳವಿರುವ ಒಂದು ಬುಟ್ಟಿ, ಬಾಗಿಲಿಗೆ ಒಳಚಿಲಕ, ಬ್ಯಾಗು ತೂಗುಹಾಕಲು ಒಂದು ಮೊಳೆ. ಕೇಳುತ್ತಿರುವುದು ಇಷ್ಟೇ. ಕಡತ ಮೇಲಿಂದ ಇಳಿದು ಬರಬೇಕೆಂದರೆ ತೊಂದರೆ ಪಡಬೇಡಿ. ಬುಟ್ಟಿ, ಚಿಲಕ, ಮೊಳೆ, ಸುತ್ತಿಗೆ ನಾನೇ ತರುತ್ತಿದ್ದೇನೆ. ನೀವು ಬಾಗಿಲ ಬೀಗ ತೆಗೆಸಿಕೊಡಿ, ಸಾಕು. ಮೊಳೆ ಹೊಡೆದಾದ ಮೇಲೆ ಮನೆಗೆ ಹೋಗಿ ಅಪ್ಪನ ಬಿಳಿ ಪ್ಯಾಂಟಿಗೆ ಇಸ್ತ್ರಿ ಮಾಡಬೇಕು. ಬರುತ್ತಾನೋ ಇಲ್ಲವೋ, ಗೊತ್ತಿಲ್ಲ.

ಇಂತಿ,
ಅಪ್ಪನ ಜತೆ ಮದುವೆಯ ಒಂದು ಫೋಟೊ ಕೂಡ ಇಲ್ಲದ
ದಾನೇಶ್ವರಿ

ರಾಯಚೂರಿಗೆ ಬರುವುದು: ಶುಕ್ರವಾರ, ಉದ್ಯಾನ್ ಎಕ್ಸ್‌ಪ್ರೆಸ್.