ಇಳಿಜಾರಿನ ಕೆಳಗಿನ ಸಾಲು

ಪಶ್ಚಿಮ ದಡ, ಗೋರಿ ಕೆಲಸಗಾರರ ಊರು,
ನೀರೇರುವ ಕಾಲದ ಮೂರನೇ ತಿಂಗಳು, ಒಂಬತ್ತನೇ ದಿನ

ಪ್ರೀತಿಯ ಪೆನ್ನುಬ್,

ಆ ಕರಿಕಲ್ಲಿನ ಕಣಿವೆಯಲ್ಲಿ ಆಮುನ್ ದೇವರು ನಿನ್ನನ್ನು ಕಾಯುತ್ತಿರಲಿ. ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಕಲ್ಲು ಒಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ನಿನ್ನಮ್ಮ ಮೂರು ಸಲ ಹೇಳಿ ಬರೆಸುತ್ತಿದ್ದಾರೆ. ಬಾವಿಯ ನೀರು ಉಪ್ಪುಪ್ಪಾಗಿದ್ದರೆ ಬರಿ ಹೊಟ್ಟೆಯಲ್ಲಿ ಕುಡಿಯಬೇಡ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನು ಎದ್ದು ಓಡಾಡುತ್ತಿದ್ದೇನೆ.

ನೀನು ಹೋಗಿ ನಲವತ್ತು ದಿನಕ್ಕೆ ಹೆರಿಗೆಯಾಯಿತು. ಹೆಣ್ಣು. ತಲೆತುಂಬ ಕೂದಲು, ನಿನ್ನದೇ ಅಗಲ ಹಣೆ. ಮೆರುತ್ ಎಂದು ಹೆಸರಿಟ್ಟೆ. ಹೆರಿಗೆಯ ಇಟ್ಟಿಗೆಗಳ ಮೇಲೆ ಕೂತಿದ್ದಾಗಲೇ ಬಾಯಿಗೆ ಬಂದ ಹೆಸರು. ಮಗು ಅತ್ತಾಗ ಎಲ್ಲರೂ ಉಸಿರು ಬಿಗಿಹಿಡಿದೆವು. ಮೊದಲ ಅಳು 'ನಿ' ಎಂದರೆ ಬದುಕುತ್ತದೆ, 'ಎಂಬಿ' ಎಂದರೆ ಇಲ್ಲ, ನಿನಗೂ ಗೊತ್ತಲ್ಲ. ಸೂಲಗಿತ್ತಿ ಇಸೆತ್ತಜ್ಜಿ ಮಗುವಿನ ಬಾಯಿಗೆ ಕಿವಿಯಿಟ್ಟು, "ನಿ ಅಂತು ಕಣೇ! ನಿ ಅಂತು! ಅತ್ತೆಗೆ ಹೇಳ್ರೇ, ಬಿಯರು ತರ್ಲಿ" ಎಂದು ಕುಣಿದೇಬಿಟ್ಟಳು. ನಿನ್ನಮ್ಮ ಬಾಗಿಲಲ್ಲೇ ನಿಂತು, "ಗಂಡಾಗಿದ್ರೆ ಎರಡು ಹೂಜಿ ತರ್ತಿದ್ದೆ, ಹೆಣ್ಣಿಗೆ ಒಂದೇ" ಅಂದರು. ಅಂದರೂ ಎರಡು ತಂದರು.

ಹದಿನಾಲ್ಕು ದಿನ ಬಾಣಂತಿಯ ಚಪ್ಪರದಲ್ಲಿದ್ದು, ಮಿಂದು, ಹದಿನೈದನೇ ದಿನ ಅವಳನ್ನೆತ್ತಿಕೊಂಡು ಬೀದಿಗೆ ಬಂದೆ. ಹೆಂಗಸರೆಲ್ಲ ನೋಡಿದರು, ಯಾರೂ ಚೆನ್ನಾಗಿದೆ ಎನ್ನಲಿಲ್ಲ, ದೃಷ್ಟಿಯಾಗುತ್ತದೆ ಎಂದು. ಗಂಟು ಹಾಕಿದ ನಾರಿನ ತಾಯಿತ ಕೊರಳಲ್ಲಿತ್ತು. ಹಾಲು ಸಾಕಷ್ಟಿತ್ತು, ಪೆನ್ನುಬ್, ಈ ಸಲ ಹಾಲಿಗೆ ಕೊರತೆಯಿರಲಿಲ್ಲ. ಹದಿನೇಳನೇ ದಿನ ಬೆಳಿಗ್ಗೆ ಕುಡಿದದ್ದನ್ನೆಲ್ಲ ಕಕ್ಕಿದಳು. ಆಮೇಲೆ ಭೇದಿ ಶುರುವಾಯಿತು. ಕತ್ತೆಗಳ ಮೇಲೆ ಬಂದ ನೀರು ಆ ವಾರ ಕೆಂಪಗೆ ಕದಡಿತ್ತು, ಬೀದಿಯಲ್ಲಿ ಇನ್ನೂ ಎರಡು ಮನೆಯಲ್ಲಿ ಹಾಗೇ ಆಗಿತ್ತು. ಇಸೆತ್ತಜ್ಜಿ ಮದ್ದು ಅರೆದು ನನ್ನ ಎದೆಗೆ ಹಚ್ಚಿದಳು, ಮಂತ್ರ ಹಾಕಿದಳು. ಇಪ್ಪತ್ತನೇ ದಿನ ನಡು ಮಧ್ಯಾಹ್ನ, ನಾನು ರೊಟ್ಟಿ ಹಿಟ್ಟು ನಾದುತ್ತಾ ಕಾಲಿನಿಂದ ಅವಳ ಬುಟ್ಟಿ ತೂಗುತ್ತಿದ್ದೆ. ಎಷ್ಟು ಹೊತ್ತು ಸುಮ್ಮನೆ ತೂಗಿದೆನೋ ಗೊತ್ತಿಲ್ಲ. ಅತ್ತೆ ಬಂದು ನನ್ನ ಕಾಲು ಹಿಡಿದು ನಿಲ್ಲಿಸಿದರು.

ಹೂಳಲು ಪೆಟ್ಟಿಗೆ ಇರಲಿಲ್ಲ. ಕಳೆದ ಸಲದ್ದಕ್ಕೆ ನೀನು ಮಾಡಿದ್ದೇ ಕೊನೆಯದು, ಆಮೇಲೆ ಮುಂಚಿತವಾಗಿ ಮಾಡಿಡುವುದು ಅಪಶಕುನವೆಂದು ನಾನೇ ತಡೆದಿದ್ದೆ. ಮನೆಯಲ್ಲಿದ್ದದ್ದು ಉಪ್ಪುಮೀನಿನ ದೊಡ್ಡ ಗಡಿಗೆ. ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆ, ವಾಸನೆ ಹೋಗಲಿಲ್ಲ. ಅದರ ಕತ್ತು ಸಣ್ಣದು. ಅತ್ತೆ ನಿನ್ನ ಹಳೆಯ ಸುತ್ತಿಗೆ ತಂದು, ಅಂಗಳದಲ್ಲಿ ಕೂತು, ಗಡಿಗೆಯ ಕತ್ತು ಒಡೆದರು. ನಾನು ಒಳಗೆ ಕಿವಿ ಮುಚ್ಚಿಕೊಂಡಿದ್ದೆ. ನನ್ನ ಹೊಸ ನಾರುಬಟ್ಟೆ ಹರಿದು ಸುತ್ತಿದೆ, ಎರಡು ಚಿಕ್ಕ ರೊಟ್ಟಿ, ಬಟ್ಟಲಲ್ಲಿ ನನ್ನ ಹಾಲು, ನೀಲಿಮಣಿಯ ಸರ ಇಟ್ಟೆ. ಹಲ್ಲೇ ಬರದವಳಿಗೆ ರೊಟ್ಟಿ ಯಾಕೆ ಎಂದು ಇಡುವಾಗ ಹೊಳೆಯಲಿಲ್ಲ.

ಪೂರ್ವದ ಇಳಿಜಾರಿಗೆ ನಾವಿಬ್ಬರೇ ಹೋದೆವು. ದಾರಿಯುದ್ದಕ್ಕೂ ಅತ್ತೆ ಗೊಣಗುತ್ತಿದ್ದರು: "ನಿನ್ನ ಹೊಟ್ಟೆನೇ ಸರಿಯಿಲ್ಲ. ಐದು ಹಾಕ್ದೆ, ಒಂದಾದ್ರೂ ನಿಲ್ತಾ?" ಕೆಳಗಿನ ಸಾಲಿನಲ್ಲಿ, ಕೂಸುಗಳ ಸಾಲಿನಲ್ಲಿ, ನಮ್ಮ ನಾಲ್ಕರ ಪಕ್ಕ ಗುಂಡಿ ತೋಡಿದೆ. ಮೊಳಕೈಯಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಇನ್ಯಾರದೋ ಗಡಿಗೆಯ ಅಂಚು ಸಿಕ್ಕಿತು. ಅತ್ತೆ, "ನಿಲ್ಲು" ಅಂದರು. ಅಂದವರು ಅಲ್ಲೇ ಕುಸಿದು ಕೂತು ಮಣ್ಣು ಒರೆಸಿದರು. "ಇದು ನಂದು. ಪೆನ್ನುಬ್‌ಗಿಂತ ಮೊದ್ಲಿಂದು. ಆ ಕಲ್ಲಿನ ಹತ್ರ ಇನ್ನೊಂದು. ಆಚೆ ಎರಡು. ಅವನಿಗೆ ಹೇಳೇ ಇಲ್ಲ." ನಿನಗೆ ಮೂವರು ಅಣ್ಣಂದಿರು, ಒಬ್ಬಳು ಅಕ್ಕ ಇದ್ದರು, ಪೆನ್ನುಬ್. ಹೆಸರುಗಳನ್ನು ಅವರು ಒಂದೊಂದಾಗಿ ಹೇಳಿದರು, ಸಂತೆಯಲ್ಲಿ ತಪ್ಪಿಸಿಕೊಂಡವರನ್ನು ಕರೆಯುವ ಹಾಗೆ, ಗಟ್ಟಿಯಾಗಿ. ಆಮೇಲೆ ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡು ಬೇರೆ ಕಡೆ ತಾವೇ ತೋಡಿದರು. ಅಂದಿನಿಂದ ನನ್ನ ಹೊಟ್ಟೆಯ ಮಾತು ಎತ್ತಿಲ್ಲ.

ಮರಳಿ ಬರುವಾಗ ಇಸೆತ್ತಜ್ಜಿಯ ಬಾಗಿಲಲ್ಲಿ ನಿಂತೆ. 'ನಿ' ಎಂದದ್ದು ನಿಜವಾ ಎಂದು ಕೇಳಿದೆ. ಅವಳು ಈರುಳ್ಳಿ ಸಿಪ್ಪೆ ಬಿಡಿಸುತ್ತಲೇ ಇದ್ದಳು. "ನಂಗೆ ಯಾವಾಗ್ಲೂ 'ನಿ' ಅಂತಾನೇ ಕೇಳ್ಸೋದು ಮಗಳೇ. ಮೂವತ್ತು ವರ್ಷದಿಂದ. ಇನ್ನೊಂದು ಕೇಳ್ಸಿಕೊಳ್ಳೋಕೆ ನಂಗೆ ಧೈರ್ಯ ಇಲ್ಲ" ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೂ ಬರುತ್ತಿಲ್ಲ. ಎದೆಹಾಲು ಇನ್ನೂ ನಿಂತಿಲ್ಲ, ಬಟ್ಟೆ ಬಿಗಿದು ಕಟ್ಟಿದ್ದೇನೆ. ಬೀದಿಯಲ್ಲಿ ಯಾರ ಮಗು ಅತ್ತರೂ ಒದ್ದೆಯಾಗುತ್ತದೆ.

ನಿನ್ನಮ್ಮ ಆಶೀರ್ವಾದ ಹೇಳಿದ್ದಾರೆ. ಪಕ್ಕದ ಮನೆಯವರೆಲ್ಲ ನಿನ್ನನ್ನು ಕೇಳಿದರೆಂದು ಬರೆ ಅಂದರು, ಬರೆದಿದ್ದೇನೆ. ನಿನ್ನ ಕೈಕಾಲು ಜೋಪಾನ, ಕಣ್ಣು ಜೋಪಾನ.

ನಿನ್ನ,
ಹುನೇರೊ

ಹಾಳೆಯ ಹಿಂಬದಿಯಲ್ಲಿ, ಅವಸರದಲ್ಲಿ: ಕಾಗದ ಒಯ್ಯುವ ಕತ್ತೆಯವನು ಬಾಗಿಲಲ್ಲಿ ಕೂಗುತ್ತಿದ್ದಾನೆ. ಮೇಲಿನದನ್ನೆಲ್ಲ ಅತ್ತೆಗೆ ಓದಿ ಹೇಳಿದ್ದೇನೆ, ಇದನ್ನು ಹೇಳಿಲ್ಲ. ನಾನಿನ್ನು ಹೆರುವುದಿಲ್ಲ, ಪೆನ್ನುಬ್. ಬಸಿರು ನಿಲ್ಲದಂತೆ ಜಾಲಿ, ಖರ್ಜೂರ, ಜೇನು ಅರೆದು ಮಾಡುವ ಮದ್ದನ್ನು ಇಸೆತ್ತಜ್ಜಿಯಿಂದ ಕಲಿತುಕೊಂಡೆ. ನಿನಗೆ ಮಕ್ಕಳು ಬೇಕೆನಿಸಿದರೆ ಇನ್ನೊಬ್ಬಳನ್ನು ಮನೆ ತುಂಬಿಸಿಕೋ, ನಾನು ನನ್ನ ಅಣ್ಣನ ಮನೆಗೆ ಹೋಗಿಬಿಡುತ್ತೇನೆ, ಜಗಳವಾಡುವುದಿಲ್ಲ. ನಾನೊಬ್ಬಳೇ ಸಾಕೆನಿಸಿದರೆ ಬಾ. ಆದರೆ ಬಾಗಿಲಲ್ಲಿ ನಿಂತು "ಮುಂದಿನದು ಉಳಿಯುತ್ತೆ ಬಿಡು" ಅಂತ ಮಾತ್ರ ಹೇಳಬೇಡ. ನಾಲ್ಕು ಸಲ ಹೇಳಿದ್ದೀಯ. ನಾಲ್ಕು ಸಲವೂ ನಾನು ನಂಬಿದೆ.